ತಾರೀಖಿಲ್ಲದ ಸುದ್ದಿ ಇನ್ನು ಸಾಕು

ಶಿವನಿ ಹೋಬಳಿಯ ಬಂಧುಗಳೇ, ಅಡಿಕೆ ಧಾರಣೆಯಿಂದಲೇ ಶುರು ಮಾಡುತ್ತೇನೆ. ನಮ್ಮ ಕಡೆ ಬೆಳಗಿನ ಮಾತು ಶುರುವಾಗುವುದೂ ಅಲ್ಲಿಂದಲೇ. ಹೋಟೆಲಿನ ಮುಂದೆ ಒಬ್ಬರು “ರಾಶಿ ಎಷ್ಟೈತಣ್ಣ ಇವತ್ತು?” ಅಂತಾರೆ. ಇನ್ನೊಬ್ಬರು ಜೇಬಿನಿಂದ ಫೋನು ತೆಗೆದು, ಹೆಬ್ಬೆರಳಲ್ಲಿ ತಳ್ಳುತ್ತಾ ತಳ್ಳುತ್ತಾ ಒಂದು ಚಿತ್ರದ ಹತ್ತಿರ ನಿಲ್ಲುತ್ತಾರೆ. ಹಸಿರು ಹಿನ್ನೆಲೆ, ಹಳದಿ ಅಕ್ಷರ, ಮೂಲೆಯಲ್ಲೊಂದು ಗೊನೆಯ ಫೋಟೊ, ನಡುವೆ ದಪ್ಪಕ್ಕೆ ಒಂದು ಸಂಖ್ಯೆ. ಯಾವ ಮಾರುಕಟ್ಟೆ? ಬರೆದಿಲ್ಲ. ಶಿವಮೊಗ್ಗದ್ದೋ, ಚನ್ನಗಿರಿಯದ್ದೋ, ತರೀಕೆರೆಯದ್ದೋ ಯಾರಿಗೂ ಗೊತ್ತಿಲ್ಲ. ಕನಿಷ್ಠವೋ ಗರಿಷ್ಠವೋ ಅದೂ ಇಲ್ಲ. ಇವತ್ತಿನದೋ, ಹೋದ ವರ್ಷದ ದೀಪಾವಳಿಯದೋ ಎಂದು ಕೇಳಿದರೆ, “ವಾಟ್ಸಾಪಲ್ಲಿ ಬಂದೈತೆ ಕಣಯ್ಯ, ಬೆಳಿಗ್ಗೆ ತಾನೆ ಬಂತು” ಅನ್ನುವ ಉತ್ತರ. ಬೆಳಿಗ್ಗೆ ಬಂದದ್ದು ನಿಜ. ಬೆಳಿಗ್ಗೆ ಹುಟ್ಟಿದ್ದು ಎನ್ನುವುದಕ್ಕೆ ಯಾವ ಆಧಾರವೂ ಇಲ್ಲ.

ಆ ಒಂದು ಸಂಖ್ಯೆ ನಂಬಿ ಒಬ್ಬ ಮಾಲು ಹಿಡಿದಿಡುತ್ತಾನೆ, ಇನ್ನೊಬ್ಬ ಸಾಲಕ್ಕೆ ಹೆದರಿ ಮನೆ ಬಾಗಿಲಲ್ಲೇ ವ್ಯಾಪಾರಿಗೆ ತೂಗಿಕೊಡುತ್ತಾನೆ. ಗರಿಷ್ಠ ಬೆಲೆ ಎನ್ನುವುದು ಅವತ್ತು ಯಾವುದೋ ಒಂದು ಒಳ್ಳೆಯ ಲಾಟಿಗೆ ಬಿದ್ದ ಬೆಲೆ. ಬಹುಪಾಲು ಮೂಟೆಗಳು ಅದಕ್ಕಿಂತ ಕೆಳಗೇ ಹೋಗಿರುತ್ತವೆ. ಇದು ಅಡಿಕೆ ಬೆಳೆದವರಿಗೆಲ್ಲ ಗೊತ್ತು. ಸರ್ಕಾರದ ಕೃಷಿ ಮಾರಾಟ ವಾಹಿನಿಯ ತಾಣ ತೆರೆದರೆ ಮಾರುಕಟ್ಟೆಯ ಹೆಸರು, ತಾರೀಖು, ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ನಮೂನೆವಾರು ಕನಿಷ್ಠ, ಗರಿಷ್ಠ ಎಲ್ಲ ಸಿಗುತ್ತದೆ. ಅಷ್ಟು ದೂರ ಹೋಗುವ ತಾಳ್ಮೆ ನಮಗಿಲ್ಲ. ಹಳದಿ ಅಕ್ಷರ ತಾನಾಗಿಯೇ ಕೈಗೆ ಬರುತ್ತದಲ್ಲ!

ತಾನಾಗಿಯೇ ಕೈಗೆ ಬಂದದ್ದನ್ನೆಲ್ಲ ಓದುವುದು, ಓದಿದ್ದನ್ನೆಲ್ಲ ನಂಬುವುದು, ನಂಬಿದ್ದನ್ನೆಲ್ಲ ಮುಂದಕ್ಕೆ ತಳ್ಳುವುದು. ಈ ಮೂರೂ ನಮ್ಮ ದಿನಚರಿಯಾಗಿವೆ. ಈ ರೂಢಿ ಬಿಡಬೇಕು ಎಂದು ಕೇಳಿಕೊಳ್ಳಲು ಇದನ್ನು ಬರೆಯುತ್ತಿದ್ದೇನೆ. ಬಿಟ್ಟು ಏನು ಮಾಡಬೇಕು ಎನ್ನುವುದಕ್ಕೆ ದಾರಿಯೂ ಇದೆ. ಆ ದಾರಿ ಹಳೆಯದು, ಪುಕ್ಕಟೆಯದು, ಯಾವ ಕಂಪನಿಯ ಸೊತ್ತೂ ಅಲ್ಲ. ಅದರ ಹೆಸರು ಫೀಡ್.

ಧಾರಣೆಯಲ್ಲಿ ಮೋಸಹೋದರೆ ಹೋಗುವುದು ದುಡ್ಡು. ಅದಕ್ಕಿಂತ ದೊಡ್ಡದು ಹೋಗಿದೆ. 2012ರ ಆಗಸ್ಟಿನಲ್ಲಿ ಬರಿಯ ಎಸ್‌ಎಂಎಸ್ ಗಾಳಿಸುದ್ದಿಗೆ ಬೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಮಂದಿ ಬೆಂಗಳೂರು ಬಿಟ್ಟು ರೈಲು ಹತ್ತಿದರು. 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ದುಡಿಯಲು ಬಂದಿದ್ದ ರಾಜಸ್ಥಾನದ ಒಬ್ಬನನ್ನು ಮಕ್ಕಳ ಕಳ್ಳ ಎಂದು ಹೊಡೆದು ಕೊಂದರು. ಅದೇ ವರ್ಷ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ನಡೆದದ್ದು ನಿಮಗೆ ನೆನಪಿರಬಹುದು. ಹೈದರಾಬಾದಿನಿಂದ ಬಂದ ಯುವಕರು ದಾರಿಯಲ್ಲಿ ಶಾಲೆ ಮಕ್ಕಳಿಗೆ ಚಾಕೊಲೇಟು ಕೊಟ್ಟಿದ್ದರು. ಅವರ ಕಾರು ಮುರ್ಕಿ ಮುಟ್ಟುವ ಮೊದಲೇ ‘ಮಕ್ಕಳ ಕಳ್ಳರು ಬರುತ್ತಿದ್ದಾರೆ’ ಎಂಬ ಸಂದೇಶ ಮುರ್ಕಿಯವರ ಫೋನಿಗೆ ಬಂದಿತ್ತು. ಒಬ್ಬ ಎಂಜಿನಿಯರ್ ಸತ್ತ. ಅವನನ್ನು ಉಳಿಸಲು ಹೋದ ಪೊಲೀಸರೂ ಪೆಟ್ಟು ತಿಂದರು. ಅದಾದ ವಾರದಲ್ಲಿ ವಾಟ್ಸಾಪ್ ಕಂಪನಿ ಭಾರತದಲ್ಲಿ ಒಂದು ಸಂದೇಶವನ್ನು ಒಂದು ಸಲಕ್ಕೆ ಐದು ಕಡೆಗಿಂತ ಹೆಚ್ಚು ಕಳಿಸದಂತೆ ಮಿತಿ ಹಾಕಿತು.

ಐದು ಕಡೆ! ಮಿತಿ ಹಾಕಬೇಕಾಗಿದ್ದು ಕಂಪನಿಯವರು ತಮ್ಮ ಯಂತ್ರಕ್ಕೆ ಮಾತ್ರವೆ? ನಮ್ಮ ಹೆಬ್ಬೆರಳಿಗೆ ನಾವು ಹಾಕಿಕೊಂಡ ಮಿತಿ ಎಲ್ಲಿದೆ? ಮುರ್ಕಿಯಲ್ಲಿ ಕಲ್ಲು ಎತ್ತಿದವರ ಮೇಲೆ ಕೇಸಾಯಿತು. ಕಲ್ಲು ಎತ್ತದೆ, ಮನೆಯಲ್ಲಿ ಕೂತು ಆ ಸಂದೇಶವನ್ನು ಇನ್ನೊಂದು ಗುಂಪಿಗೆ ದಾಟಿಸಿ ಊಟಕ್ಕೆ ಎದ್ದವರು ಎಷ್ಟು ಜನ ಇದ್ದರೋ, ಅವರ ಲೆಕ್ಕ ಯಾವ ಠಾಣೆಯಲ್ಲೂ ಇಲ್ಲ. ಅದು ಅವರವರ ಎದೆಯಲ್ಲೇ ಇರಬೇಕು.

ನಾವು ಹೀಗೆ ಇದ್ದವರಲ್ಲ. ಓದುವುದನ್ನು ಆರಿಸಿಕೊಳ್ಳುವುದು ಈ ಸೀಮೆಗೆ ಹೊಸದೂ ಅಲ್ಲ. ಬೀರೂರು–ಚಿಕ್ಕಜಾಜೂರು ರೈಲು ದಾರಿಯ ಮೇಲಿನ ಈ ಊರುಗಳಲ್ಲಿ ಸುಧಾ, ತರಂಗ, ಮಯೂರ, ಕಸ್ತೂರಿಗಾಗಿ ಕಾದು ಕೂತವರಿದ್ದರು. 1980ರಲ್ಲಿ ಶುರುವಾದ ಲಂಕೇಶ್ ಪತ್ರಿಕೆ ಜಾಹೀರಾತು ಇಲ್ಲದೆ, ಓದುಗರ ಕಾಸಿನ ಮೇಲೇ ನಡೆಯಿತು. ಬೇಡ ಅನ್ನಿಸಿದವನು ಕೊಳ್ಳುತ್ತಿರಲಿಲ್ಲ, ಅಷ್ಟೆ. 1988ರಲ್ಲಿ ಪುತ್ತೂರಿನಿಂದ ಹೊರಟ ಅಡಿಕೆ ಪತ್ರಿಕೆ ರೈತರ ಕೈಗೇ ಲೇಖನಿ ಕೊಟ್ಟಿತು. ಚಂದಾ ಕಟ್ಟಿದವರ ವಿಳಾಸಕ್ಕೆ ಅಂಚೆಯವನು ತಂದು ಹಾಕುತ್ತಿದ್ದ. ಯಾವ ಪತ್ರಿಕೆ ಮನೆಗೆ ಬರಬೇಕು ಎನ್ನುವುದನ್ನು ಮನೆಯವರು ತೀರ್ಮಾನಿಸುತ್ತಿದ್ದರು. ಬಂದದ್ದು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿ ಮುಗಿಯುತ್ತಿತ್ತು. ಮುಗಿಯುತ್ತಿತ್ತು ಎನ್ನುವುದನ್ನು ಗಮನಿಸಿ.

ಈಗ ಓದಿ ಮುಗಿಯುವುದೇ ಇಲ್ಲ. ಫೇಸ್‌ಬುಕ್ಕಿನಲ್ಲಿ ನೀವು ಒಂದು ಕನ್ನಡ ತಾಣವನ್ನೋ ಲೇಖಕರನ್ನೋ ‘ಫಾಲೊ’ ಮಾಡಿದಿರಿ ಎಂದುಕೊಳ್ಳಿ. ಅವರು ಬರೆದದ್ದೆಲ್ಲ ನಿಮಗೆ ಕಾಣುತ್ತದೆಯೆ? ಕಾಣುವುದಿಲ್ಲ. ಯಾವುದು ಕಾಣಬೇಕು ಎನ್ನುವುದನ್ನು ಕಂಪನಿಯ ಲೆಕ್ಕಾಚಾರ ತೀರ್ಮಾನಿಸುತ್ತದೆ. 2018ರ ಜನವರಿಯಲ್ಲಿ ಆ ಕಂಪನಿ, ಸುದ್ದಿ ತಾಣಗಳ ಬರಹವನ್ನು ಹಿಂದಕ್ಕೆ ಸರಿಸಿ ಸ್ನೇಹಿತರ, ಬಂಧುಗಳ ಪೋಸ್ಟುಗಳನ್ನು ಮುಂದಕ್ಕೆ ತರುತ್ತೇವೆ ಎಂದು ಬಹಿರಂಗವಾಗಿಯೇ ಹೇಳಿತು. ಓದುಗನನ್ನು ಕೇಳಿ ಮಾಡಿದ್ದಲ್ಲ ಅದು. ಜಗಳ ಹೆಚ್ಚಾದ ಕಡೆ ಜನ ನಿಲ್ಲುತ್ತಾರೆ, ನಿಂತಷ್ಟು ಹೊತ್ತು ಜಾಹೀರಾತು ತೋರಿಸಬಹುದು. ಹಾಗಾಗಿ ಜಗಳವೇ ಮೇಲೆ ತೇಲುತ್ತದೆ. ಎಲೆಚುಕ್ಕಿ ರೋಗದ ಬಗ್ಗೆ ಒಬ್ಬ ವಿಜ್ಞಾನಿ ಸಮಾಧಾನವಾಗಿ ಬರೆದ ನಾಲ್ಕು ಪುಟ ಕೆಳಗೆ ಉಳಿಯುತ್ತದೆ, ‘ಈ ಒಂದು ಔಷಧಿ ಹೊಡೆದರೆ ಮೂರೇ ದಿನ’ ಎಂದು ಕೂಗುವ ವಿಡಿಯೊ ಮೇಲೆ ಬರುತ್ತದೆ.

ಫೀಡ್ ಇದನ್ನು ತಿರುಗಿಸಿ ಹಾಕುತ್ತದೆ. ಒಂದು ತಾಣದವರು ಹೊಸದಾಗಿ ಏನಾದರೂ ಪ್ರಕಟಿಸಿದಾಗಲೆಲ್ಲ ಅದರ ಶೀರ್ಷಿಕೆ, ಕೊಂಡಿ, ತಾರೀಖು, ಸಾರಾಂಶಗಳನ್ನು ಒಂದು ಚಿಕ್ಕ ಕಡತದಲ್ಲಿ ಬರೆದಿಡುತ್ತಾರೆ. ತಾಣದ ತಂತ್ರಾಂಶವೇ ಅದನ್ನು ಬರೆಯುತ್ತದೆ, ಕೈಯಲ್ಲಿ ಯಾರೂ ಬರೆಯಬೇಕಿಲ್ಲ. ನಿಮ್ಮ ಫೋನಿನಲ್ಲಿರುವ ಫೀಡ್ ರೀಡರ್ ಆಗಾಗ್ಗೆ ಹೋಗಿ ಆ ಕಡತ ನೋಡಿ, ಹೊಸದು ಇದ್ದರೆ ತಂದು ಇಡುತ್ತದೆ. ಹತ್ತು ತಾಣ ಆರಿಸಿದ್ದರೆ ಹತ್ತರದ್ದೂ ಒಂದೇ ಕಡೆ, ಹೊಸದು ಮೇಲೆ ಹಳೆಯದು ಕೆಳಗೆ. ನಡುವೆ ಯಾರೂ ಕೂತು ‘ಇದು ಇವನಿಗೆ, ಅದು ಬೇಡ’ ಎನ್ನುವುದಿಲ್ಲ. ನಿಮ್ಮ ಫೋನ್ ನಂಬರು ಆ ತಾಣಕ್ಕೆ ಕೊಡಬೇಕಿಲ್ಲ, ಇ-ಮೇಲ್ ಕೊಡಬೇಕಿಲ್ಲ. ಕಡತ ಅಕ್ಷರ ಮಾತ್ರದ್ದು, ಪುಟಾಣಿ. ಸಿಗ್ನಲ್ ಒಂದು ಕಡ್ಡಿ ಇರುವ ತೋಟದಲ್ಲೂ ಇಳಿಯುತ್ತದೆ. ಮನೆಯಲ್ಲಿ ಇಳಿಸಿಕೊಂಡು ಬಸ್ಸಿನಲ್ಲಿ ಓದಬಹುದು. ಓದಿ ಮುಗಿದ ಮೇಲೆ ಪರದೆ ಖಾಲಿ.

ಒಂದು ಫೀಡನ್ನು ಬಿಚ್ಚಿ ನೋಡಿದರೆ ಅದರ ಪ್ರಾಮಾಣಿಕತೆ ಕಣ್ಣಿಗೆ ಕಾಣುತ್ತದೆ. ಒಂದೊಂದು ಬರಹಕ್ಕೂ ‘ಐಟಂ’ ಎಂದು ಶುರುವಾಗುವ ಆರೇಳು ಸಾಲು. ಮೊದಲು ಶೀರ್ಷಿಕೆ. ಆಮೇಲೆ ಬರಹ ಇರುವ ಮೂಲ ವಿಳಾಸ. ಆಮೇಲೆ ವಾರ, ದಿನ, ತಿಂಗಳು, ವರ್ಷ, ಗಂಟೆ, ನಿಮಿಷ, ಸೆಕೆಂಡು. ಆ ಗಂಟೆ ಯಾವ ದೇಶದ ಗಂಟೆ ಎನ್ನುವ ಗುರುತೂ ಪಕ್ಕದಲ್ಲಿ. ಆಮೇಲೆ ಸಾರಾಂಶ. 2005ರ ಡಿಸೆಂಬರಿನಲ್ಲಿ ಜಾಗತಿಕ ಮಾನಕವಾಗಿ ಬಂದ ‘ಆಟಮ್’ ಎಂಬ ನಮೂನೆಯಲ್ಲಂತೂ ತಾರೀಖೂ ಬರೆದವರ ಹೆಸರೂ ಕಡ್ಡಾಯ. ಇವೆರಡು ಇಲ್ಲದಿದ್ದರೆ ಅದು ನಿಯಮಕ್ಕೆ ತಕ್ಕ ಫೀಡೇ ಅಲ್ಲ. ಹೋಟೆಲಿನ ಮುಂದಿನ ಆ ಹಳದಿ ಅಕ್ಷರದ ಪಕ್ಕ ಇದನ್ನಿಟ್ಟು ನೋಡಿ.

ಇದನ್ನು ಕಟ್ಟಿದವರ ಕಥೆಯೂ ದೊಡ್ಡದು, ಚುಟುಕಾಗಿ ಹೇಳುತ್ತೇನೆ. 1999ರ ಮಾರ್ಚಿನಲ್ಲಿ ಅಮೆರಿಕದ ನೆಟ್‌ಸ್ಕೇಪ್ ಕಂಪನಿಯಲ್ಲಿ ಡಾನ್ ಲಿಬ್ಬಿ ಮತ್ತು ಮದ್ರಾಸ್ ಐಐಟಿಯಲ್ಲಿ ಓದಿದ ರಾಮನಾಥನ್ ಗುಹಾ ಇದರ ಮೊದಲ ರೂಪ ಕೊಟ್ಟರು. ಡೇವ್ ವೈನರ್ ಎಂಬವರು ಅದನ್ನು ಸರಳ ಮಾಡಿ ಎಲ್ಲೆಡೆ ಹಬ್ಬಿಸಿದರು. 2000ದ ಡಿಸೆಂಬರಿನಲ್ಲಿ ಬಂದ ಒಂದು ಆವೃತ್ತಿಯನ್ನು ರೂಪಿಸಿದವರ ಸಾಲಿನಲ್ಲಿ ಆರನ್ ಸ್ವಾರ್ಟ್ಜ್ ಎಂಬ ಹುಡುಗನೂ ಇದ್ದ. ಅವನಿಗಾಗ 14 ವರ್ಷ, ನಮ್ಮಲ್ಲಾದರೆ ಹೈಸ್ಕೂಲು. ಮುಂದೆ ಅವನು, ಜ್ಞಾನವನ್ನು ದುಡ್ಡಿನ ಗೋಡೆಯ ಹಿಂದೆ ಬಚ್ಚಿಡಬಾರದು ಎಂದು ಲಕ್ಷಾಂತರ ವಿದ್ವತ್ ಲೇಖನಗಳನ್ನು ಇಳಿಸಿಕೊಂಡ. ಸರ್ಕಾರ ಕೇಸು ಹಾಕಿತು. 2013ರ ಜನವರಿಯಲ್ಲಿ, 26ನೆಯ ವಯಸ್ಸಿನಲ್ಲಿ ಅವನು ಜೀವ ಕಳೆದುಕೊಂಡ. ಫೀಡ್ ಎಂಬ ಈ ಪುಟ್ಟ ಕಡತದಲ್ಲಿ ಅವನ ಕೈಯಿದೆ.

(ಒಂದು ಮಾತು. ಇದರ ಪೂರ್ತಿ ಹೆಸರಿನ ಮೂರಕ್ಷರದ ಹ್ರಸ್ವರೂಪವನ್ನು ನಮ್ಮೂರಲ್ಲಿ ಹೇಳಿದರೆ ಜನ ಬೇರೇನೋ ತಿಳಿದು, ಪರವಾಗಿ ಅರ್ಧ ಮಂದಿ ವಿರುದ್ಧವಾಗಿ ಅರ್ಧ ಮಂದಿ ಚರ್ಚೆಗೆ ಕೂರುತ್ತಾರೆ. ಹಾಗಾಗಿ ಫೀಡ್ ಎಂದಷ್ಟೇ ಕರೆಯೋಣ, ಕೆಲಸ ಸಾಗಲಿ.)

ಶುರು ಮಾಡುವುದು ಹೇಗೆ? ಆಂಡ್ರಾಯ್ಡ್ ಫೋನಿದ್ದರೆ ‘ಫೀಡರ್’ ಎಂಬ ಮುಕ್ತ ತಂತ್ರಾಂಶವಿದೆ, ಖಾತೆ ತೆರೆಯುವ ತಾಪತ್ರಯವೂ ಇಲ್ಲ. ಐಫೋನಿದ್ದರೆ ‘ನೆಟ್‌ನ್ಯೂಸ್‌ವೈರ್’. ಕಂಪ್ಯೂಟರಿನಲ್ಲಿ ‘ಥಂಡರ್‌ಬರ್ಡ್’ ಸಾಕು. ಫೋನಲ್ಲೂ ಕಂಪ್ಯೂಟರಲ್ಲೂ ಒಂದೇ ಪಟ್ಟಿ ಬೇಕು ಅನ್ನುವವರು ‘ಫೀಡ್ಲಿ’ಯನ್ನೋ ‘ಇನೊರೀಡರ್’ ಅನ್ನೋ ನೋಡಬಹುದು. ತೆರೆದು, ನಿಮಗೆ ಬೇಕಾದ ತಾಣದ ವಿಳಾಸ ಹಾಕಿ. ಬಹುಪಾಲು ರೀಡರುಗಳು ಫೀಡನ್ನು ತಾವೇ ಹುಡುಕಿಕೊಳ್ಳುತ್ತವೆ. ಹುಡುಕದಿದ್ದರೆ, ತಾಣ ವರ್ಡ್‌ಪ್ರೆಸ್ಸಿನಲ್ಲಿ ಕಟ್ಟಿದ್ದಾದರೆ ವಿಳಾಸದ ಕೊನೆಗೆ ಸ್ಲ್ಯಾಶ್ ಹಾಕಿ ಇಂಗ್ಲಿಷಿನಲ್ಲಿ ‘ಫೀಡ್’ ಎಂದು ಬರೆಯಿರಿ. ಅಷ್ಟೇ ಕೆಲಸ. ಕನ್ನಡದ ಸಣ್ಣ ತಾಣಗಳಲ್ಲಿ ಹೆಚ್ಚಿನವು ವರ್ಡ್‌ಪ್ರೆಸ್ಸಿನವು ಇಲ್ಲವೇ ಬ್ಲಾಗರಿನವು; ಎರಡಕ್ಕೂ ಫೀಡ್ ಹುಟ್ಟಿನಿಂದಲೇ ಇದೆ. ಎಷ್ಟೋ ಸಲ ತಾಣದ ಒಡೆಯರಿಗೇ ಇದು ಗೊತ್ತಿರುವುದಿಲ್ಲ. ಯೂಟ್ಯೂಬಿನ ಒಂದೊಂದು ಚಾನೆಲ್ಲಿಗೂ ಫೀಡ್ ಉಂಟು. ಯಕ್ಷಗಾನದ್ದೋ ಕೃಷಿಯದ್ದೋ ನಾಲ್ಕು ಚಾನೆಲ್ ಆರಿಸಿಕೊಂಡರೆ, ಪಕ್ಕದಲ್ಲಿ ‘ಇದನ್ನೂ ನೋಡಿ’ ಎಂದು ಕಣ್ಣು ಹೊಡೆಯುವ ಮೂವತ್ತು ವಿಡಿಯೊಗಳ ಕಾಟ ತಪ್ಪುತ್ತದೆ. ಋತುಮಾನದ ಆಡಿಯೊವನ್ನೋ ಇನ್ಯಾವುದಾದರೂ ಕನ್ನಡ ಪಾಡ್‌ಕಾಸ್ಟನ್ನೋ ಕೇಳುತ್ತಾ ಕೊನೆ ಕೊಯ್ಲು ನೋಡಿಕೊಳ್ಳುವ ಹುಡುಗರು ಗೊತ್ತಿಲ್ಲದೆಯೇ ದಿನಾ ಫೀಡ್ ಬಳಸುತ್ತಿದ್ದಾರೆ. ಪಾಡ್‌ಕಾಸ್ಟ್ ಎನ್ನುವುದು ನಡೆಯುವುದೇ ಫೀಡಿನ ಮೇಲೆ.

“ಅದೆಲ್ಲ ಯಾವತ್ತೋ ಸತ್ತುಹೋದ ತಂತ್ರಜ್ಞಾನ ಅಲ್ವೇನ್ರೀ?” ಎಂದು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನಮ್ಮೂರ ಹುಡುಗರು ನಗುತ್ತಾರೆ. ಅವರು ಹೇಳುವುದು ಗೂಗಲ್ ರೀಡರಿನ ಕಥೆ. 2005ರಲ್ಲಿ ಬಂತು, ಜನ ಅದರ ಮೇಲೆ ಬಿದ್ದರು, ಉಳಿದ ರೀಡರುಗಳು ಸೊರಗಿದವು, 2013ರ ಜುಲೈ 1ರಂದು ಗೂಗಲ್ ಅದನ್ನು ಮುಚ್ಚಿತು. ಫೈರ್‌ಫಾಕ್ಸ್ ಕೂಡ 2018ರ ಡಿಸೆಂಬರಿನಲ್ಲಿ ತನ್ನೊಳಗಿನ ಫೀಡ್ ಸೌಲಭ್ಯ ಕಿತ್ತುಹಾಕಿತು. ನಿಜ. ಆದರೆ ಮುಚ್ಚಿದ ದಿನ ಏನಾಯಿತು ನೋಡಿ. ಗೂಗಲ್ ರೀಡರಿನಲ್ಲಿದ್ದವರು ತಮ್ಮ ಫೀಡುಗಳ ಪಟ್ಟಿಯನ್ನು ಒಂದು ಕಡತದಲ್ಲಿ ಇಳಿಸಿಕೊಂಡು ಇನ್ನೊಂದು ರೀಡರಿಗೆ ಹೋಗಿ ಕೂತರು. ಮಾರನೆಯ ದಿನವೂ ಅದೇ ತಾಣಗಳು ಅವರಿಗೆ ಬಂದವು. ತಾಣದವರಿಗೆ ಇದರ ಸುಳಿವೇ ಇರಲಿಲ್ಲ, ಇರಬೇಕಾಗಿಯೂ ಇರಲಿಲ್ಲ.

ಇದರ ಎದುರಿಗೆ 2020ರ ಜೂನ್ 29ನ್ನು ಇಡಿ. ಅವತ್ತು ಭಾರತ ಸರ್ಕಾರ ಟಿಕ್‌ಟಾಕ್ ನಿಷೇಧಿಸಿತು. ಹಾಡಿ, ಕುಣಿದು, ಅಡುಗೆ ತೋರಿಸಿ, ಹೊಲದ ಬದುವಿನ ಮೇಲೆ ನಿಂತು ತಮಾಷೆ ಮಾಡಿ ಸಾವಿರ, ಲಕ್ಷ ಜನರನ್ನು ಕೂಡಿಸಿಕೊಂಡಿದ್ದ ಹಳ್ಳಿಯ ಹುಡುಗ ಹುಡುಗಿಯರು ಕರ್ನಾಟಕದ ಉದ್ದಗಲಕ್ಕೂ ಇದ್ದರು. ನಿಷೇಧ ಸರಿಯೋ ತಪ್ಪೋ ಎನ್ನುವುದು ಬೇರೆ ಚರ್ಚೆ. ಆ ಮಕ್ಕಳು ತಮ್ಮನ್ನು ನೋಡುತ್ತಿದ್ದವರಲ್ಲಿ ಒಬ್ಬರನ್ನೂ ಜೊತೆಗೆ ಕರೆದುಕೊಂಡು ಬರಲಾಗಲಿಲ್ಲ. ಅಭಿಮಾನಿಗಳು ಅವರದಾಗಿರಲಿಲ್ಲ, ಕಂಪನಿಯದಾಗಿದ್ದರು. 2014ರ ಸೆಪ್ಟೆಂಬರಿನಲ್ಲಿ ಆರ್ಕುಟ್ ಮುಚ್ಚಿದಾಗ, 2019ರ ಏಪ್ರಿಲಿನಲ್ಲಿ ಗೂಗಲ್ ಪ್ಲಸ್ ಮುಚ್ಚಿದಾಗ ಅಲ್ಲಿದ್ದ ಕನ್ನಡದ ಹರಟೆ, ಜಗಳ, ಪದ್ಯ, ವಿಮರ್ಶೆಗಳ ಗತಿಯೂ ಇದೇ.

ಆದ್ದರಿಂದ ಬರೆಯುವವರೇ, ನಿಮ್ಮ ಹತ್ತಿರ ನನಗೆ ಸ್ವಲ್ಪ ಗಟ್ಟಿಯಾಗಿಯೇ ಮಾತಾಡುವುದಿದೆ. ಹೆಸರಿನಲ್ಲೇ ಅಜ್ಜಂಪುರವನ್ನಿಟ್ಟುಕೊಂಡ ಕಥೆಗಾರ ‘ಆನಂದ’ರ ಸೀಮೆಯವರು ನಾವು. ಅಜ್ಜಂಪುರ ಸೀತಾರಾಮರು ‘ನಾನು ಕೊಂದ ಹುಡುಗಿ’ಯನ್ನು ಯಾರದೋ ಗೋಡೆಯ ಮೇಲೆ ಬರೆದು ಹೋಗಿದ್ದರೆ ಅದು ನಮಗೆ ಸಿಗುತ್ತಿತ್ತೆ? ನೀವು ಇವತ್ತು ಅದನ್ನೇ ಮಾಡುತ್ತಿದ್ದೀರಿ. ಈರುಳ್ಳಿ ಬೀಜದ ಬಗ್ಗೆ, ಅಮೃತಮಹಲ್ ಕಾವಲಿನ ಬಗ್ಗೆ, ಊರಿನ ಶಾಸನದ ಬಗ್ಗೆ, ಅಜ್ಜಿ ಹೇಳಿದ ಸೋಬಾನೆ ಪದದ ಬಗ್ಗೆ ಚಿನ್ನದಂಥ ಬರಹ ಬರೆದು ಫೇಸ್‌ಬುಕ್ಕಿಗೆ ಸುರಿಯುತ್ತೀರಿ. ಮೂರು ದಿನ ಲೈಕು, ನಾಲ್ಕನೆಯ ದಿನ ನಿಮಗೇ ಅದು ಹುಡುಕಿದರೂ ಸಿಗುವುದಿಲ್ಲ. ಮೊದಲು ನಿಮ್ಮದೇ ಒಂದು ತಾಣದಲ್ಲಿ ಹಾಕಿ, ಆಮೇಲೆ ಕೊಂಡಿಯನ್ನು ಎಲ್ಲಿ ಬೇಕಾದರೂ ಹಂಚಿ. 1996ರಲ್ಲಿ, ಕನ್ನಡ ಅಕ್ಷರ ಪರದೆಯ ಮೇಲೆ ಮೂಡಿಸುವುದೇ ಸಾಹಸವಾಗಿದ್ದ ಕಾಲದಲ್ಲಿ, ಯು.ಬಿ. ಪವನಜ ಅವರು ವಿಶ್ವಕನ್ನಡ ತಾಣ ಕಟ್ಟಿದರು. 2005ರಲ್ಲಿ ಹರಿಪ್ರಸಾದ್ ನಾಡಿಗ್ ಅವರು ಸಂಪದ ಶುರು ಮಾಡಿದರು. ವಿಜ್ಞಾನ, ತಂತ್ರಜ್ಞಾನವನ್ನು ಕನ್ನಡದಲ್ಲೇ ಓದಬೇಕೆನ್ನುವವರಿಗೆ ಟಿ.ಜಿ. ಶ್ರೀನಿಧಿಯವರ ಇಜ್ಞಾನ ಬಂತು. ಕೆಂಡಸಂಪಿಗೆ, ಅವಧಿ ಬಂದವು. ಅವರೆಲ್ಲ ಸ್ವಂತ ಅಂಗಳ ಕಟ್ಟಿದ್ದು, ಕನ್ನಡಕ್ಕೆ ಬಾಡಿಗೆ ಮನೆ ಸಾಲದು ಎನ್ನುವ ಹಟದಿಂದ. ಇವತ್ತು ಅವರಿಗಿದ್ದ ಕಷ್ಟದ ಕಾಲುಭಾಗವೂ ನಮಗಿಲ್ಲ, ಹಟ ಮಾತ್ರ ಕರಗಿದೆ.

ಪತ್ರಿಕೆ ನಡೆಸುವವರೂ ಕೇಳಿಸಿಕೊಳ್ಳಲಿ. ಫೀಡ್ ಕೊಟ್ಟರೆ ತಾಣಕ್ಕೆ ಜನ ಬರುವುದಿಲ್ಲ, ಜಾಹೀರಾತಿಗೆ ಪೆಟ್ಟು ಎನ್ನುವ ಅಂಜಿಕೆ ನಿಮ್ಮದು. ಪೂರ್ತಿ ಬರಹ ಕೊಡಬೇಡಿ, ಶೀರ್ಷಿಕೆ ಮತ್ತು ಮೊದಲ ಪ್ಯಾರಾ ಕೊಡಿ. ಓದಬೇಕೆನ್ನುವವನು ಕೊಂಡಿ ಹಿಡಿದು ನಿಮ್ಮ ಮನೆಗೇ ಬರುತ್ತಾನೆ. ಕೆರಳಿಸುವ ಶೀರ್ಷಿಕೆಗೆ ಎಡವಿ ಬಿದ್ದು ಬಂದವನಿಗಿಂತ, ನಿಮ್ಮನ್ನೇ ಆರಿಸಿ ಬಂದವನು ಹೆಚ್ಚು ದಿನ ಉಳಿಯುತ್ತಾನೆ.

ಫೀಡ್ ಹಿಡಿದರೆ ಸುಳ್ಳು ನಿಲ್ಲುತ್ತದೆ ಎಂದು ನಾನು ಹೇಳುತ್ತಿಲ್ಲ. ಸುಳ್ಳು ಹೇಳುವ ತಾಣಕ್ಕೂ ಫೀಡ್ ಇರುತ್ತದೆ. ಅದನ್ನು ಆರಿಸಿಕೊಂಡರೆ ಸುಳ್ಳೇ ತಾರೀಖು ಸಮೇತ ಬರುತ್ತದೆ. ಮುರ್ಕಿಯ ಆ ಘಟನೆಯನ್ನು ಯಾವ ರೀಡರೂ ತಡೆಯುತ್ತಿರಲಿಲ್ಲ. ಆದರೆ ಆರಿಸಿ ಓದುವ ಅಭ್ಯಾಸ ಇದ್ದವನು, ಯಾರು ಹೇಳಿದರು, ಯಾವಾಗ ಹೇಳಿದರು, ಮೂಲ ಎಲ್ಲಿದೆ ಎಂದು ದಿನಾ ನೋಡಿ ರೂಢಿಯಾದವನು, ಮೂರೂ ಇಲ್ಲದ ಸಂದೇಶ ಕೈಗೆ ಬಂದಾಗ ಒಂದು ಗಳಿಗೆ ತಡೆಯುತ್ತಾನೆ. ಆ ಒಂದು ಗಳಿಗೆಗಾಗಿ ಇಷ್ಟೆಲ್ಲ ಮಾತು. ಆರಿಸುವುದಕ್ಕೆ ಶ್ರಮವಿದೆ, ಒಪ್ಪುತ್ತೇನೆ. ಒಂದು ಭಾನುವಾರ ಹೋಗಬಹುದು. ಒಂದೆರಡು ತಿಂಗಳಿಗೊಮ್ಮೆ ಪಟ್ಟಿಯಲ್ಲಿ ಬೇಡವಾದ್ದನ್ನು ಕೀಳಬೇಕಾಗುತ್ತದೆ. ತೋಟದಲ್ಲಿ ಮಾಡುವ ಕೆಲಸ ತಾನೆ, ಹೊಸದೇನಲ್ಲ.

ಇನ್ನು ಸರ್ಕಾರ. ಇಲ್ಲಿ ನಾನು ಬೇಡುವುದಿಲ್ಲ, ಕೇಳುತ್ತೇನೆ. ಕಾನೂನು ನಮ್ಮ ಪರವಾಗಿದೆ. 2005ರ ಮಾಹಿತಿ ಹಕ್ಕು ಕಾಯ್ದೆ ಎಂದರೆ ಹತ್ತು ರೂಪಾಯಿ ಅರ್ಜಿ ಎಂದಷ್ಟೇ ನಾವು ತಿಳಿದಿದ್ದೇವೆ. ಅದರ 4ನೆಯ ಕಲಮು ಓದಿ. ಜನ ಅರ್ಜಿ ಹಾಕಿ ಕೇಳುವ ಪ್ರಮೇಯವೇ ಆದಷ್ಟು ಕಡಿಮೆಯಾಗುವಂತೆ, ಕಚೇರಿಗಳು ಕಾಲಕಾಲಕ್ಕೆ ತಾವಾಗಿಯೇ, ಇಂಟರ್ನೆಟ್ಟೂ ಸೇರಿದಂತೆ ನಾನಾ ದಾರಿಗಳಲ್ಲಿ ಮಾಹಿತಿ ಕೊಡುತ್ತಿರಬೇಕು ಎನ್ನುತ್ತದೆ ಅದು. ತಾಣದ ಮೂಲೆಯಲ್ಲೊಂದು ಪಿಡಿಎಫ್ ಎಸೆದು ‘ಪ್ರಕಟಿಸಿದ್ದೇವೆ’ ಎಂದರೆ ಕೊಟ್ಟಂತೆಯೆ? ರೈತ ದಿನಾ ಬೆಳಿಗ್ಗೆ ಎದ್ದು ಇಪ್ಪತ್ತು ಸರ್ಕಾರಿ ತಾಣ ತೆರೆದು ನೋಡುತ್ತಾ ಕೂರಬೇಕೆ?

ಇದು ಬರಿಯ ಅನುಕೂಲದ ಮಾತಲ್ಲ, ಜಮೀನಿನ ಮಾತು. ನಮ್ಮ ತಾಲ್ಲೂಕಿನ ಹೊಟ್ಟೆ ಸೀಳಿಕೊಂಡೇ ಭದ್ರಾ ಮೇಲ್ದಂಡೆ ಯೋಜನೆಯ ನೀರು ಹೋಗುತ್ತಿದೆ. ಅಜ್ಜಂಪುರದ ಬಳಿಯ ಸುರಂಗ ಎಲ್ಲರೂ ಬಲ್ಲದ್ದು. ಇಂಥ ಯೋಜನೆಗೆ ಭೂಮಿ ಹೋಗುವಾಗ 2013ರ ಭೂಸ್ವಾಧೀನ ಕಾಯ್ದೆಯಂತೆ ಪ್ರಾಥಮಿಕ ಅಧಿಸೂಚನೆ ಹೊರಡಬೇಕು. ರಾಜ್ಯಪತ್ರದಲ್ಲಿ, ಎರಡು ದಿನಪತ್ರಿಕೆಯಲ್ಲಿ, ಪಂಚಾಯಿತಿಯಲ್ಲಿ, ತಾಲ್ಲೂಕು ಕಚೇರಿಯಲ್ಲಿ, ಸರ್ಕಾರದ ಜಾಲತಾಣದಲ್ಲಿ ಅದು ಪ್ರಕಟವಾಗಬೇಕು. ಪ್ರಕಟವಾದ ದಿನದಿಂದ 60 ದಿನದೊಳಗೆ ರೈತ ತಕರಾರು ಸಲ್ಲಿಸಬೇಕು. ಯಾವ ದಿನದಿಂದ 60? ಪ್ರಕಟವಾದ ದಿನದಿಂದ, ಅವನಿಗೆ ಗೊತ್ತಾದ ದಿನದಿಂದಲ್ಲ. ಬೋರ್ಡಿಗೆ ಅಂಟಿಸಿದ ಹಾಳೆ ಮಳೆಗೆ ತೊಯ್ದು ಬೀಳುತ್ತದೆ, ಜಾಹೀರಾತು ಬಂದ ಪತ್ರಿಕೆ ಊರಿಗೆ ಬಂದೇ ಇರುವುದಿಲ್ಲ, ಜಾಲತಾಣ ಯಾರೂ ನೋಡುವುದಿಲ್ಲ. ಅದೇ ಅಧಿಸೂಚನೆಗೆ ಒಂದು ಫೀಡ್ ಇದ್ದಿದ್ದರೆ, ಊರಿನಲ್ಲಿ ಒಬ್ಬನೇ ಒಬ್ಬ ಹುಡುಗ ಅದಕ್ಕೆ ಚಂದಾದಾರನಾಗಿದ್ದರೂ, ಅದೇ ಸಂಜೆ ಇಡೀ ಊರಿಗೆ ಗೊತ್ತಾಗುತ್ತಿತ್ತು.

ಆಗದ ಕೆಲಸವೇನೂ ಅಲ್ಲ. ರಿಸರ್ವ್ ಬ್ಯಾಂಕ್ ತನ್ನ ಪ್ರಕಟಣೆಗಳಿಗೆ ಫೀಡ್ ಕೊಡುತ್ತದೆ. ಕೇಂದ್ರದ ವಾರ್ತಾ ಶಾಖೆ, ಅಂದರೆ ಪಿಐಬಿ ಕೊಡುತ್ತದೆ. ಮಳೆ, ಸಿಡಿಲಿನ ಮುನ್ನೆಚ್ಚರಿಕೆ ನೀಡುವ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ‘ಸಚೇತ್’ ತಾಣವೂ ಕೊಡುತ್ತದೆ. ದಿಲ್ಲಿ, ಮುಂಬಯಿಗೆ ಆದದ್ದು ಚಿಕ್ಕಮಗಳೂರಿಗೆ, ಅಜ್ಜಂಪುರಕ್ಕೆ, ಶಿವನಿಗೆ ಏಕಾಗಬಾರದು?

ಊರಿನಲ್ಲಿ ಇದನ್ನು ಕೂರಿಸುವ ಜಾಗವೂ ಸಿದ್ಧವಿದೆ. ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. 2020ರಿಂದ ‘ಓದುವ ಬೆಳಕು’ ಎಂದು ಮಕ್ಕಳನ್ನು ಅಲ್ಲಿಗೆ ಕರೆತರುವ ಕೆಲಸ ನಡೆದಿದೆ, ಎಷ್ಟೋ ಕಡೆ ಕಂಪ್ಯೂಟರೂ ಬಂದಿದೆ. ಆ ಕಂಪ್ಯೂಟರಿನಲ್ಲಿ ಒಂದು ಫೀಡ್ ರೀಡರ್ ಹಾಕಿ, ಊರವರು ಸೇರಿ ಆರಿಸಿದ ಇಪ್ಪತ್ತು, ಮೂವತ್ತು ತಾಣ ಅದಕ್ಕೆ ಸೇರಿಸಿದರೆ ಸಾಕು. ಹೈಸ್ಕೂಲಿನ ಇಬ್ಬರು ಮಕ್ಕಳು ದಿನಾ ಸಂಜೆ ನೋಡಿ ಮುಖ್ಯವಾದದ್ದನ್ನು, ತಾರೀಖು ಮೂಲ ಸಮೇತ, ಕರಿಹಲಗೆಯ ಮೇಲೆ ಬರೆಯಲಿ. ಪತ್ರಿಕೋದ್ಯಮದ ಪಾಠ ಆ ಮಕ್ಕಳಿಗೆ ಅಲ್ಲೇ ಆಗುತ್ತದೆ. ಓದು ಬಾರದ ಹಿರಿಯರಿಗೆ ಅವರೇ ಓದಿ ಹೇಳಲಿ.

ಹಾಗಾಗಿ ಮುಂದಿನ ಗ್ರಾಮಸಭೆಗೆ ಬನ್ನಿ. ಬೀದಿ ದೀಪ, ಚರಂಡಿ, ನರೇಗಾ ಬಾಕಿಯ ಜೊತೆಗೆ ಇದನ್ನೂ ಎತ್ತೋಣ. ಅರ್ಜಿಯನ್ನು ಇಲ್ಲೇ ಬರೆದಿಟ್ಟಿದ್ದೇನೆ, ತಿದ್ದಿಕೊಂಡು ಸಹಿ ಹಾಕಿ:

“ಮಾನ್ಯ ಅಧ್ಯಕ್ಷರಿಗೆ ಮತ್ತು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳಿಗೆ. ಮಾಹಿತಿ ಹಕ್ಕು ಕಾಯ್ದೆಯ 4ನೆಯ ಕಲಮಿನ ಆಶಯದಂತೆ, ನಮ್ಮ ಪಂಚಾಯಿತಿಯ ಸಭಾ ನೋಟಿಸು, ನಡಾವಳಿ, ಟೆಂಡರು, ಫಲಾನುಭವಿಗಳ ಪಟ್ಟಿ, ಜಮಾಬಂದಿ ವರದಿ ಹಾಗೂ ಮೇಲಿನ ಕಚೇರಿಗಳಿಂದ ಬಂದ ಅಧಿಸೂಚನೆಗಳನ್ನು ಸೂಚನಾ ಫಲಕಕ್ಕೆ ಹಾಕಿದ ದಿನವೇ ಜಾಲತಾಣದಲ್ಲಿ ಹಾಕಿ, ಅದಕ್ಕೆ ಸಾರ್ವಜನಿಕರು ಚಂದಾದಾರರಾಗಲು ಬರುವಂತೆ ಫೀಡ್ ಒದಗಿಸಬೇಕು. ಅಡಿಕೆ, ಕೊಬ್ಬರಿ, ಈರುಳ್ಳಿಯ ದೈನಂದಿನ ಮಾರುಕಟ್ಟೆ ಧಾರಣೆಗೂ ಇದೇ ಬಗೆಯ ಫೀಡ್ ಕೊಡುವಂತೆ ಕೃಷಿ ಮಾರಾಟ ಇಲಾಖೆಗೆ ಸಭೆಯ ಠರಾವು ಕಳಿಸಬೇಕು. ಅರಿವು ಕೇಂದ್ರದ ಕಂಪ್ಯೂಟರಿನಲ್ಲಿ ಫೀಡ್ ರೀಡರ್ ಅಳವಡಿಸಲು ಗ್ರಂಥಪಾಲಕರಿಗೆ ಸೂಚಿಸಬೇಕು. ಕಲಿಸಿಕೊಡಲು ಕೆಳಗೆ ಸಹಿ ಮಾಡಿದ ನಾವು ಪುಕ್ಕಟೆಯಾಗಿ ಬರುತ್ತೇವೆ. ಈ ಅರ್ಜಿಯನ್ನು ಇಂದಿನ ನಡಾವಳಿಯಲ್ಲಿ, ತಾರೀಖು ಸಹಿತ, ದಾಖಲಿಸಿಕೊಳ್ಳಬೇಕೆಂದು ಕೋರುತ್ತೇವೆ.”